ಗ್ಯಾರೇಜಿಗೆ ಬಂದಾಗ ಸರಿಯಿರುವ ಗಾಡಿ

"ಇಲ್ಲಿಗೆ ಬಂದಾಗ ಸರಿಯಾಗೇ ಇರುತ್ತೆ ಸಾರ್. ಅದೇ ನಮ್ಮ ಹಣೆಬರಹ," ಎನ್ನುತ್ತ ಮೇಸ್ತ್ರಿ ಅಂಬಾಸಿಡರಿನ ಬಾನೆಟ್ ಎತ್ತಿದರು. ಎಂಜಿನ್ ಏನೂ ಆಗಿಲ್ಲವೆಂಬಂತೆ ಒಂದೇ ಹದದಲ್ಲಿ ಓಡುತ್ತಿತ್ತು. ದೂರು ಹೊತ್ತು ಬಂದಿದ್ದ ನಿವೃತ್ತ ಭೌತಶಾಸ್ತ್ರ ಅಧ್ಯಾಪಕರಿಗೆ, ತಾವೇ ಸುಳ್ಳು ಹೇಳಿದಂತಾಗಿ, ಮುಜುಗರವಾಯಿತು.

ತೀರ್ಥಹಳ್ಳಿಯ ಆ ತಗಡಿನ ಶೆಡ್ಡಿಗೆ ಬರುವುದು ಬಹುಪಾಲು ಇಂಥ ಗಾಡಿಗಳೇ. ಬೇರೆ ಎರಡು ಮೂರು ಕಡೆ ತೋರಿಸಿ, ದುಡ್ಡು ಸುರಿದು, ಕೊನೆಗೆ ‘ವೈರಿಂಗ್ ಇರಬೇಕು, ನೋಡಿಸಿ’ ಎನ್ನಿಸಿಕೊಂಡು ಬಂದವು. ಅಧ್ಯಾಪಕರ ಕಾರಿಗೆ ಆಗಲೇ ಹೊಸ ಕಾಯಿಲ್, ಹೊಸ ಕಂಡೆನ್ಸರ್, ಹೊಸ ಪ್ಲಾಟಿನ, ನಾಲ್ಕು ಪ್ಲಗ್, ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಂ ಎಲ್ಲ ಬಿದ್ದಿದ್ದವು.

"ಒಂದೊಂದು ಹಾಕಿಸಿದಾಗಲೂ ಸರಿಯಾಯ್ತಲ್ಲ?" ಮೇಸ್ತ್ರಿ ಕೇಳಿದರು.

"ಆಯ್ತು. ವಾರ, ಹತ್ತು ದಿನ ಚೆನ್ನಾಗಿ ಓಡ್ತು. ಆಮೇಲೆ ಮತ್ತೆ ಅದೇ ರಾಗ."

"ಆಗುತ್ತೆ. ಹೊಸ ಸಾಮಾನು ಹಾಕಿದ್ದಕ್ಕಲ್ಲ. ಹಾಕೋವಾಗ ಹಳೇ ವೈರ್ ಕಿತ್ತು ಮತ್ತೆ ಚುಚ್ಚಿದ್ರಲ್ಲ, ಅದಕ್ಕೆ."

ಹಳೆಯ ಗಾಡಿಗಳ ವೈರಿಂಗ್ ದುರಸ್ತಿಯಲ್ಲಿ ಪೋಲಾಗುವ ಹಣದ ದೊಡ್ಡ ಪಾಲಿಗೆ ಈ ಮಾತಿನಲ್ಲಿ ಲೆಕ್ಕ ಸಿಗುತ್ತದೆ. ತಾಮ್ರದ, ಹಿತ್ತಾಳೆಯ, ತವರ ಲೇಪಿಸಿದ ತುದಿಗಳ ಮೇಲೆ ಕಾಲಕ್ರಮೇಣ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ. ಎಂಜಿನ್ನಿನ ನಡುಕಕ್ಕೆ ಎರಡು ತುದಿಗಳು ಕಣ್ಣಿಗೆ ಕಾಣದಷ್ಟು ಉಜ್ಜಿಕೊಳ್ಳುತ್ತಲೇ ಇರುತ್ತವೆ. ಉಜ್ಜಿದಾಗ ಎದ್ದ ಹೊಸ ಲೋಹವೂ ಗಾಳಿ ತಾಗಿ ಆಕ್ಸೈಡ್ ಆಗುತ್ತದೆ. ಯಾರೋ ಬಂದು ಕನೆಕ್ಟರ್ ಕಿತ್ತು ಮರಳಿ ಸಿಕ್ಕಿಸಿದರೆ ಪದರ ಕೆರೆದುಹೋಗಿ ಕೆಲವು ದಿನ ಕರೆಂಟು ಸರಾಗ. ಹೆಸರು ಮಾತ್ರ ಹೊಸ ಕಾಯಿಲಿಗೆ. ದೋಷ ಕೈಗೆ ಸಿಗುವ ಮೊದಲೇ ಅದರ ಸಾಕ್ಷ್ಯ ಅಳಿಸಿಹೋಗಿರುತ್ತದೆ.

"ಅದಕ್ಕೇ ನಾನು ಮೊದಲು ಏನನ್ನೂ ಮುಟ್ಟಲ್ಲ. ಈ ಹುಡುಗನಿಗೂ ಅದೇ ಹೇಳಿದೀನಿ, ಕೈ ಹಿಂದೆ ಕಟ್ಕೊಂಡು ನೋಡು ಅಂತ," ಎಂದರು ಮೇಸ್ತ್ರಿ. ಹುಡುಗ ನಿಜವಾಗಿಯೂ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ.

ಆಮೇಲೆ ಶುರುವಾದದ್ದು ವಿಚಾರಣೆ. ಗಾಡಿ ಬಿಸಿಯಾದ ಮೇಲೆ ಕೆಮ್ಮುತ್ತದೆಯೋ, ತಣ್ಣಗಿದ್ದಾಗಲೂ ಉಂಟೋ? ಮಳೆಯಲ್ಲಿ ಹೆಚ್ಚೋ? ಹೊಂಡಕ್ಕೆ ಇಳಿದಾಗಲೋ? ಹೆಡ್‌ಲೈಟ್ ಹಾಕಿದಾಗ ವ್ಯತ್ಯಾಸ ಇದೆಯೋ? ಅಧ್ಯಾಪಕರ ಉತ್ತರಗಳು ಒಂದಕ್ಕೊಂದು ಹೊಂದುವಂತೆ ಕಾಣಲಿಲ್ಲ. ನಿಂತಲ್ಲಿ ಎಂಜಿನ್ ಚೆನ್ನ. ಆಗುಂಬೆ ಘಾಟಿಯನ್ನು ಎರಡನೇ ಗೇರಿನಲ್ಲಿ ದಮ್ಮು ಕಟ್ಟಿ ಹತ್ತುತ್ತದೆ, ಒಂದು ಸಲವೂ ತಪ್ಪುವುದಿಲ್ಲ. ಘಾಟಿ ಮುಗಿದು ಸಮತಟ್ಟಾದ ರಸ್ತೆ ಸಿಕ್ಕಿ, ಇನ್ನೇನು ಕಾಲು ಹಗುರ ಮಾಡಿ ಆರಾಮಾಗಿ ಹೋಗೋಣ ಎನ್ನುವಾಗ ಮಿಸ್ಸಿಂಗ್ ಹೊಡೆಯುತ್ತದೆ. ಒಮ್ಮೊಮ್ಮೆ ಆಫ್ ಆಗುತ್ತದೆ.

"ಕಷ್ಟದ ಕೆಲಸ ಮಾಡುತ್ತೆ, ಸುಲಭದ್ದು ಮಾಡಲ್ಲ. ನನ್ನ ಕೆಲವು ವಿದ್ಯಾರ್ಥಿಗಳೂ ಹೀಗೇ ಇದ್ರು," ಎಂದರು ಅಧ್ಯಾಪಕರು.

ಮೇಸ್ತ್ರಿ ನಗಲಿಲ್ಲ. ಅವರಿಗೆ ಅಷ್ಟರಲ್ಲೇ ಏನೋ ಹೊಳೆದಂತಿತ್ತು, ಆದರೆ ಹೇಳಲಿಲ್ಲ. "ಆಫ್ ಆದಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿತ್ತಾ?"

"ನಿಂತ ಮೇಲೆ ನೋಡಿದೆ. ಹತ್ತಿತ್ತು."

ಚಾರ್ಜಿಂಗಿನ ಆ ಕೆಂಪು ದೀಪಕ್ಕೆ ಕರೆಂಟು ಬರುವುದು ಇಗ್ನಿಷನ್ ಕೀಲಿಯ ಮೂಲಕ. ಕೀಲಿ ಆನ್ ಇದ್ದು ಎಂಜಿನ್ ನಿಂತರೆ ಅದು ಹತ್ತಬೇಕು. ಹತ್ತದಿದ್ದರೆ ಕೀಲಿಯ ಸ್ವಿಚ್ಚೇ ಕೈಕೊಟ್ಟಿದೆ ಎಂದರ್ಥ. ಹತ್ತಿತು ಎಂದರೆ ಅನುಮಾನ ಮುಂದಕ್ಕೆ ಸರಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಗಾಡಿ ಗೇರಿನಲ್ಲಿ ಉರುಳುತ್ತಿರುವಷ್ಟು ಹೊತ್ತು ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ, ನಿಲ್ಲುವುದರೊಳಗೆ ಸ್ವಿಚ್ಚು ಮತ್ತೆ ಕೂಡಿಕೊಂಡಿರಲೂಬಹುದು.

ಮೇಸ್ತ್ರಿ ಕೀಲಿಗೊಂಚಲನ್ನು ಕೈಯಲ್ಲಿ ಹಿಡಿದು ತೂಗಿದರು. ಮನೆಯ ಬೀಗದ ಕೈ, ಗೋದ್ರೆಜ್ ಬೀರುವಿನದು, ತೋಟದ ಮನೆಯದು, ಒಂದು ಹಿತ್ತಾಳೆಯ ಗಣಪತಿ. "ಇದನ್ನೆಲ್ಲ ಇದಕ್ಕೇ ಯಾಕೆ ನೇತು ಹಾಕ್ತೀರಿ?"

ಅಧ್ಯಾಪಕರಿಗೆ ಒಂದು ಸಂಗತಿ ನೆನಪಾಯಿತು. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಕೋಬಾಲ್ಟ್ ಮುಂತಾದ ಮಾದರಿಗಳ ಇಗ್ನಿಷನ್ ಸ್ವಿಚ್ಚಿನೊಳಗೆ ಕೀಲಿಯನ್ನು ತನ್ನ ಜಾಗದಲ್ಲಿ ಹಿಡಿದಿಡುವ ಸ್ಪ್ರಿಂಗು-ಕಡ್ಡಿ ದುರ್ಬಲವಾಗಿತ್ತು. ಗೊಂಚಲು ಭಾರವಾಗಿದ್ದರೆ, ರಸ್ತೆಯಲ್ಲಿ ಕುಲುಕಾಟವಾದರೆ, ಮೊಣಕಾಲು ತಾಗಿದರೂ ಸಾಕು, ಕೀಲಿ ಹಿಂದಕ್ಕೆ ಜಾರಿ ಎಂಜಿನ್ ಬಂದ್. ಜೊತೆಗೆ ಪವರ್ ಸ್ಟಿಯರಿಂಗ್ ಬಂದ್, ಡಿಕ್ಕಿಯಾದರೆ ಏರ್‌ಬ್ಯಾಗ್ ಬಿಚ್ಚುವುದಿಲ್ಲ. ಕಂಪನಿಯೇ ತೆರೆದ ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿಕೊಂಡಿತು. "ವರ್ಷಗಟ್ಟಲೆ ಕಂಪನಿಯವರು ಅದನ್ನ ಗ್ರಾಹಕರ ಅನುಕೂಲದ ವಿಷಯ ಅಂತ ಬರ್ಕೊಂಡಿದ್ರು, ಸುರಕ್ಷತೆ ವಿಷಯ ಅಂತ ಅಲ್ಲ," ಎಂದರು ಅಧ್ಯಾಪಕರು. "ಆಗಾಗ ಬಂದು ಹೋಗೋ ದೋಷಕ್ಕೆ ಎಲ್ಲ ಕಡೆ ಇಷ್ಟೇ ಮರ್ಯಾದೆ."

"ಕೊನೆಗೆ ಕಂಡುಹಿಡಿದಿದ್ದು ಹೇಗೆ?"

"ಸಂತ್ರಸ್ತರ ಪರ ವಕೀಲರು ನೇಮಿಸಿದ ಒಬ್ಬ ಎಂಜಿನಿಯರ್. ಹಳೇ ಸ್ವಿಚ್ಚನ್ನೂ ಅಂಗಡಿಯಲ್ಲಿ ಕೊಂಡ ಹೊಸ ಸ್ವಿಚ್ಚನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದ. ಒಳಗಿನ ಕಡ್ಡಿ ಹೊಸದರಲ್ಲಿ ಸ್ವಲ್ಪ ಉದ್ದ ಇತ್ತು. ಸದ್ದಿಲ್ಲದೆ ವಿನ್ಯಾಸ ಬದಲಾಯಿಸಿದ್ರು, ಪಾರ್ಟ್ ನಂಬರ್ ಮಾತ್ರ ಹಳೇದೇ."

ಮೇಸ್ತ್ರಿಗೆ ಆ ಎಂಜಿನಿಯರ್ ಹಿಡಿಸಿದ. "ಬಿಚ್ಚಿ ನೋಡಿದನಲ್ಲ, ಅವನು ಸರಿ," ಎಂದು ಗಣಪತಿಯ ಸಮೇತ ಗೊಂಚಲನ್ನು ಕಳಚಿ, ಕಾರಿನ ಕೀಲಿಯೊಂದನ್ನೇ ಸ್ವಿಚ್ಚಿಗೆ ಹಾಕಿದರು.

ಇನ್ನು ಕಾವಲು ಕೂರಿಸುವ ಕೆಲಸ. ಇಲ್ಲದಿರುವ ದೋಷವನ್ನು ಅಳೆಯಲಾಗದು. ಅದು ಬರುವ ಕ್ಷಣಕ್ಕೆ ಸಾಕ್ಷಿಯೊಂದು ಅಲ್ಲಿ ಹಾಜರಿರಬೇಕು. ಈ ಮೇಸ್ತ್ರಿಯ ಕಸುಬುಗಾರಿಕೆಯೆಲ್ಲ ಇರುವುದು ಇಲ್ಲೇ ಎಂದು ಈ ಬರೆಹಗಾರನ ಅಭಿಪ್ರಾಯ. ಬೇರೆಯವರು ಸಾಮಾನು ಬದಲಿಸುವ ಹೊತ್ತಿನಲ್ಲಿ ಇವರು ಒಂದು ಸಣ್ಣ ಬಲ್ಬು ಹುಡುಕುತ್ತಾರೆ. ಕಾಯಿಲಿಗೆ ಕೀಲಿಯಿಂದ ಕರೆಂಟು ಬರುವ ತುದಿಗೆ ಒಂದು ವೈರ್ ಸಿಕ್ಕಿಸಿ, ಬಾನೆಟ್ಟಿನ ಸಂದಿಯಿಂದ ಒಳಗೆ ತಂದು, ಡ್ಯಾಶ್‌ಬೋರ್ಡಿನ ಮೇಲೆ ಹಸಿರು ಬಲ್ಬನ್ನು ಟೇಪಿನಿಂದ ಅಂಟಿಸಿದರು. ಕಾಯಿಲಿನ ಇನ್ನೊಂದು ತುದಿಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆಗೆ, ಇನ್ನೊಂದು ವೈರ್ ತೆಗೆದುಕೊಳ್ಳುವಾಗ ಅಧ್ಯಾಪಕರು ತಡೆದರು.

"ಅಲ್ಲಿ ಬಲ್ಬ್ ಹಾಕಬೇಡಿ. ಪ್ಲಾಟಿನ ಬಿಟ್ಟ ಕ್ಷಣ ಆ ತುದಿಯಲ್ಲಿ ಇನ್ನೂರು ಮುನ್ನೂರು ವೋಲ್ಟ್ ಎದ್ದುಬರುತ್ತೆ. ಬಲ್ಬು ಅದನ್ನ ಕುಡಿದುಬಿಟ್ರೆ ಕಿಡಿ ಸೊರಗುತ್ತೆ. ನೀವು ಹುಡುಕ್ತಿರೋ ದೋಷನ ನೀವೇ ಮಾಡಿದ ಹಾಗಾಗುತ್ತೆ."

ಮೇಸ್ತ್ರಿ ಜೇಬಿನಿಂದ ತೆಗೆದದ್ದು ಕೆಂಪು ಎಲ್‌ಇಡಿ. ಅದರ ಕಾಲಿಗೆ ಮೊದಲೇ ರೆಸಿಸ್ಟರೂ ಡಯೋಡೂ ಬೆಸುಗೆಯಾಗಿದ್ದವು. "ಗೊತ್ತು ಸಾರ್. ಹೈಸ್ಕೂಲು ಮುಗಿಸಿಲ್ಲ ಅಷ್ಟೇ."

ಈ ಎರಡು ದೀಪಗಳ ಭಾಷೆ ಸರಳ. ಪ್ಲಾಟಿನ ಎಂದರೆ ಡಿಸ್ಟ್ರಿಬ್ಯೂಟರಿನೊಳಗೆ ಬಡಿದುಕೊಳ್ಳುವ ಪುಟ್ಟ ಸ್ವಿಚ್ಚು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದು ಸೆಕೆಂಡಿಗೆ 100 ಸಲ ಕೂಡಿ ಬಿಡುತ್ತದೆ. ಎಂಜಿನ್ ಓಡುವಾಗ ಹಸಿರು ಬಲ್ಬು ಸ್ಥಿರವಾಗಿ ಉರಿಯಬೇಕು, ಕೆಂಪು ದೀಪ ಮಿಣುಕುತ್ತಿರಬೇಕು. ಎಂಜಿನ್ ಸಾಯುವಾಗ ಎರಡೂ ಆರಿದರೆ ಕೀಲಿ, ಫ್ಯೂಸು, ಬ್ಯಾಟರಿಯ ಕಡೆಯ ದೋಷ. ಹಸಿರು ಉರಿಯುತ್ತಿದ್ದು ಕೆಂಪು ಆರಿದರೆ ಕಾಯಿಲಿನ ಒಳಗೇ ತುಂಡಾಗಿದೆ, ಇಲ್ಲವೇ ಆಚೆಯ ವೈರು ಎಲ್ಲೋ ಬತ್ತಲಾಗಿ ಬಾಡಿಗೆ ತಾಗುತ್ತಿದೆ. ಹಸಿರಿನ ಜೊತೆ ಕೆಂಪೂ ಮಿಣುಕದೆ ಗಟ್ಟಿಯಾಗಿ ನಿಂತು ಉರಿದರೆ ಕರೆಂಟು ಕಾಯಿಲು ದಾಟಿ ಬಂದಿದೆ, ಆದರೆ ಡಿಸ್ಟ್ರಿಬ್ಯೂಟರಿನ ಮೂಲಕ ಅರ್ಥಿಗೆ ಇಳಿಯಲು ದಾರಿ ಸಿಕ್ಕಿಲ್ಲ.

ಇಬ್ಬರೂ ಗಾಡಿ ಓಡಿಸಿ ನೋಡಲು ಹೊರಟರು. ಮಂಡಗದ್ದೆ ಕಡೆಯ ರಸ್ತೆಯಲ್ಲಿ, ಸಮತಟ್ಟಾದ ಜಾಗ ಸಿಕ್ಕಿ ಅಧ್ಯಾಪಕರು ಕಾಲು ಸಡಿಲಿಸಿದಾಗ, ಕೆಂಪು ದೀಪ ಗಟ್ಟಿಯಾಗಿ ನಿಂತು ಉರಿಯಿತು. ಗಾಡಿ ಎರಡು ಸಲ ಮುಗ್ಗರಿಸಿ ಚೇತರಿಸಿಕೊಂಡಿತು. ಹಸಿರು ಅಲುಗಲಿಲ್ಲ.

"ಕೀಲಿ ಬಚಾವ್. ಗಣಪತೀನೂ ಬಚಾವ್," ಎಂದರು ಮೇಸ್ತ್ರಿ.

ಶೆಡ್ಡಿಗೆ ಮರಳಿದ ಮೇಲೆ ಅವರು ಮಾಡಿದ್ದನ್ನು ಯಾವ ಸ್ಕ್ಯಾನರೂ ಮಾಡದು. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಪೂರ ನಳಿಕೆಯನ್ನು ಕಾರ್ಬುರೇಟರಿನ ಕಡೆಯಿಂದ ಕಿತ್ತು, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗಲೇ, ಬಾಯಿಗಿಟ್ಟು ಜೋರಾಗಿ ಹೀರಿದರು. ಎಂಜಿನ್ ಕೆಮ್ಮಿತು. ಇನ್ನೊಂದು ಸಲ ಹೀರಿದರು. ಆಫ್.

ಅಧ್ಯಾಪಕರು ಕುರ್ಚಿಯಿಂದ ಎದ್ದರು. "ಏನ್ರೀ ಇದು, ಮಂತ್ರ?"

ಮಂತ್ರವಲ್ಲ, ನಿರ್ವಾತ. ಪೆಟ್ರೋಲು-ಗಾಳಿಯ ಮಿಶ್ರಣ ತೆಳುವಾಗಿದ್ದಾಗ ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಹಗುರ ಕಾಲಿನಲ್ಲಿ ಓಡಿಸುವಾಗ ಕಿಡಿ ಸ್ವಲ್ಪ ಮುಂಚೆಯೇ ಹಾರಬೇಕು. ಆ ಏರ್ಪಾಟಿಗೆ ಈ ನಳಿಕೆ. ಅದರ ಬಾಯಿ ಕಾರ್ಬುರೇಟರಿನ ಥ್ರಾಟಲ್ ತಟ್ಟೆಯ ಅಂಚಿನ ಪಕ್ಕದಲ್ಲಿದೆ. ಗಾಡಿ ನಿಂತಿದ್ದಾಗ ತಟ್ಟೆ ಮುಚ್ಚಿರುವುದರಿಂದ ಎಂಜಿನ್ನಿನ ಎಳೆತ ಆ ತೂತಿಗೆ ತಲುಪುವುದಿಲ್ಲ. ಘಾಟಿಯಲ್ಲಿ ಪೂರ್ತಿ ಒತ್ತಿದಾಗ ತಟ್ಟೆ ಪೂರಾ ತೆರೆದುಕೊಂಡು ಎಳೆತವೇ ಇರುವುದಿಲ್ಲ. ಇವೆರಡರ ನಡುವೆ, ಕಾಲು ಹಗುರವಾಗಿದ್ದಾಗ, ನಳಿಕೆ ಜೋರಾಗಿ ಎಳೆದು ಡಿಸ್ಟ್ರಿಬ್ಯೂಟರಿನೊಳಗೆ ಪ್ಲಾಟಿನ ಕೂತಿರುವ ತಟ್ಟೆಯನ್ನು ಕೆಲವು ಡಿಗ್ರಿ ತಿರುಗಿಸುತ್ತದೆ. ಒಂದಕ್ಕೊಂದು ಹೊಂದದಂತೆ ಕಂಡಿದ್ದ ಅಧ್ಯಾಪಕರ ಉತ್ತರಗಳೆಲ್ಲ ಈ ತಟ್ಟೆಯ ಮೇಲೆ ಬಂದು ಕೂತವು. ಘಾಟಿ ಹತ್ತುವಾಗ ತಟ್ಟೆ ಕದಲುವುದಿಲ್ಲ, ಬಯಲಿಗೆ ಬಂದಾಗ ಕದಲುತ್ತದೆ.

ಕದಲುವ ತಟ್ಟೆಗೆ ಕದಲುವ ವೈರ್ ಬೇಕು. ಮುಚ್ಚಳ ತೆಗೆದಾಗ ಕಂಡವು ಎರಡು, ಬೆರಳುದ್ದವೂ ಇಲ್ಲದ ತುಂಡುಗಳು: ಪ್ಲಾಟಿನಕ್ಕೆ ಕರೆಂಟು ತರುವುದು ಒಂದು, ತಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಅರ್ಥ್ ಕೊಡುವುದು ಇನ್ನೊಂದು. ಕಾಲು ಒತ್ತಿ ಬಿಟ್ಟ ಪ್ರತಿ ಸಲವೂ ಇವು ಬಗ್ಗಿ ನೆಟ್ಟಗಾಗಿವೆ, ದಶಕಗಳ ಕಾಲ. ಅರ್ಥಿನ ತುಂಡಿನ ಬಟ್ಟೆ ಹೊದಿಕೆ ಹೊರಗೆ ಗಟ್ಟಿಮುಟ್ಟು. ಒಳಗೆ ತಾಮ್ರ ಮುರಿದು ತುದಿಗೆ ತುದಿ ತಾಗಿಕೊಂಡು ಕೂತಿತ್ತು. ತಟ್ಟೆ ತಿರುಗಿದಾಗ ತುದಿಗಳು ಬೇರೆಯಾಗುತ್ತಿದ್ದವು. ಪ್ಲಾಟಿನ, ಕಂಡೆನ್ಸರ್ ಹೊಸದು ಹಾಕಿದವರೆಲ್ಲ ಈ ವೈರನ್ನು ಬೆರಳಿನಿಂದ ಸರಿಸಿಯೇ ಹಾಕಿದ್ದರು. ಸರಿಸಿದಾಗ ತುದಿಗಳು ಮತ್ತೊಂದಿಷ್ಟು ದಿನ ಕೂಡಿಕೊಂಡವು.

"ಮೀಟರಿನಲ್ಲಿ ಯಾಕೆ ಸಿಗಲಿಲ್ಲ ಅವರಿಗೆ?" ಅಧ್ಯಾಪಕರು ಕೇಳಿದರು.

"ಬೀಪ್ ಅಂದ್ರೆ ಸರಿ ಅಂದ್ಕೊಳ್ತಾರೆ ಸಾರ್. ಆ ಬೀಪು ಹತ್ತಾರು ಓಮ್ ಇದ್ರೂ ಬರುತ್ತೆ. ಹದಿನಾಲ್ಕು ಎಳೇಲಿ ಒಂದೇ ಎಳೆ ಉಳಿದಿದ್ರೂ ಬೀಪು ಬರುತ್ತೆ. ಲೋಡ್ ಕೊಟ್ಟು ನೋಡಿದ್ರೆ ಬಂಡವಾಳ ಗೊತ್ತಾಗುತ್ತೆ."

ಅಧ್ಯಾಪಕರಿಗೆ ಕೊನೆಯ ಮಾತು ಒಪ್ಪಿಗೆಯಾಗಲಿಲ್ಲ. ಪೆನ್ನು ಕೇಳಿ, ಕಂಡೆನ್ಸರಿನ ಖಾಲಿ ರಟ್ಟಿನ ಡಬ್ಬಿಯ ಮೇಲೆ ಲೆಕ್ಕ ಹಾಕಿದರು. ಒಂದು ಚದರ ಮಿಲಿಮೀಟರ್ ವೈರಿನಲ್ಲಿ 0.3 ಮಿ.ಮೀ. ದಪ್ಪದ 14 ಎಳೆಗಳು. ಹದಿಮೂರು ಕಡಿದು ಒಂದು ಸೆಂಟಿಮೀಟರಿನಷ್ಟು ಜಾಗದಲ್ಲಿ ಒಂದೇ ಎಳೆ ಉಳಿದರೂ ಅದರ ತಡೆ 0.0024 ಓಮ್. ನಾಲ್ಕು ಆಂಪಿಯರ್ ಹರಿಸಿದರೆ ಕಳೆದುಕೊಳ್ಳುವುದು 0.01 ವೋಲ್ಟ್. "ಮೀಟರಿಗೂ ಗೊತ್ತಾಗಲ್ಲ, ನಿಮ್ಮ ಲೋಡಿಗೂ ಗೊತ್ತಾಗಲ್ಲ. ಸೆಲ್ಫ್ ಹೊಡೆಯೋ ನೂರೈವತ್ತು ಆಂಪಿಯರ್ ಆದ್ರೆ ಬೇರೆ ಮಾತು, ಎಳೆ ಕರಗಿಹೋಗುತ್ತೆ. ಆದ್ರೆ ಕಾಯಿಲಿನ ಕರೆಂಟಿಗೆ ಒಂದು ಎಳೆ ಧಾರಾಳ ಸಾಕು."

ಮೇಸ್ತ್ರಿ ರಟ್ಟನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ನಾನು ಲೋಡ್ ಕೊಟ್ಟಾಗ ಸಿಕ್ಕಿದ್ದೆಲ್ಲ ಏನು?"

"ಹಸಿರು ಹಿಡಿದ ಟರ್ಮಿನಲ್ಲು. ಸಡಿಲ ಕ್ರಿಂಪು. ಅಲ್ಲಿ ಒಂದು ಓಮ್ ತಡೆ ಬಂದ್ರೂ ಕಥೆ ಮುಗೀತು. ಕಾಯಿಲಿನದು ಮೂರು ಓಮ್ ಇರುತ್ತೆ. ಮೂರಿಗೆ ಒಂದು ಸೇರಿದ್ರೆ ಕರೆಂಟು ನಾಲ್ಕರಿಂದ ಮೂರು ಆಂಪಿಯರಿಗೆ ಇಳಿಯುತ್ತೆ. ಕಾಯಿಲಿನಲ್ಲಿ ಕೂಡೋ ಶಕ್ತಿ ಕರೆಂಟಿನ ವರ್ಗಕ್ಕೆ ಅನುಪಾತ, ಹದಿನಾರರಲ್ಲಿ ಒಂಬತ್ತು ಪಾಲು ಉಳಿಯುತ್ತೆ. ಹೆಚ್ಚುಕಡಿಮೆ ಅರ್ಧ ಕಿಡಿ."

ಇಬ್ಬರ ವಾದದಿಂದ ಹೊರಬಿದ್ದ ವಿವೇಕ ಕೈಪಿಡಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಕಿಲುಬು ಹಿಡಿದ ಜೋಡಣೆಯನ್ನು ಹಿಡಿಯಲು ಕರೆಂಟು ಹರಿಸಿ ಅದರ ಎರಡೂ ಬದಿಯ ನಡುವೆ ವೋಲ್ಟೇಜ್ ಎಷ್ಟು ಬಿದ್ದಿದೆ ಎಂದು ಅಳೆಯಬೇಕು. ಮುರಿದ ವೈರನ್ನು ಹಿಡಿಯಲು ಅದನ್ನು ಅಲ್ಲಾಡಿಸಬೇಕು. ಒಂದರ ಪರೀಕ್ಷೆಯಿಂದ ಇನ್ನೊಂದು ಸಿಗುವುದಿಲ್ಲ. ಬಿಸಿಗೆ ಮಾತ್ರ ತಲೆಯೆತ್ತುವ ದೋಷಕ್ಕೆ ಹೇರ್ ಡ್ರೈಯರ್ ಬೇಕು. ಮಳೆಯ ದೋಷಕ್ಕೆ ರಾತ್ರಿ ಲೈಟು ಆರಿಸಿ, ಪ್ಲಗ್ ವೈರುಗಳ ಮೇಲೆ ಹೂವಿಗೆ ಚಿಮುಕಿಸುವಷ್ಟು ನೀರು ಚಿಮುಕಿಸಿದರೆ ನೀಲಿ ಕಿಡಿಗಳು ತಾವೇ ಜಾಗ ತೋರಿಸುತ್ತವೆ.

ದುರಸ್ತಿ ಚಿಕ್ಕದಾಗಿ ಕಂಡರೂ ಮೇಸ್ತ್ರಿ ಅದಕ್ಕೆ ತೆಗೆದುಕೊಂಡ ಹೊತ್ತು ಕಡಿಮೆಯಲ್ಲ. ಹುಡುಗ ಮನೆ ವೈರಿಂಗಿನ ತುಂಡು ತಂದಾಗ ಬೈಗುಳ ತಿಂದ. ಆ ವೈರಿನಲ್ಲಿ ಎಳೆ ಕಡಿಮೆ, ದಪ್ಪ ಹೆಚ್ಚು. ಬಗ್ಗುವ ಜಾಗದಲ್ಲಿ ಬೇಗ ಮುರಿಯುತ್ತದೆ. ಮೇಸ್ತ್ರಿ ಹಾಳಾದ ಮಲ್ಟಿಮೀಟರಿನ ಪ್ರೋಬ್ ವೈರನ್ನು ಕತ್ತರಿಸಿದರು. ಸಿಲಿಕಾನ್ ಹೊದಿಕೆ, ಒಳಗೆ ಕೂದಲಿನಂಥ ನೂರಾರು ಎಳೆ. ತುದಿಗೆ ಪುಟ್ಟ ರಿಂಗ್ ಕ್ರಿಂಪ್ ಮಾಡಿದರು.

"ಬೆಸುಗೆ ಹಾಕಿದ್ರೆ ಇನ್ನೂ ಗಟ್ಟಿಯಲ್ವಾ?"

"ಗಟ್ಟಿಯಾಗೋದೇ ತೊಂದರೆ. ಸೀಸ ಎಳೆಗಳ ಒಳಗೆ ಏರ್ಕೊಂಡು ಹೋಗುತ್ತೆ. ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಬಗ್ಗೋ ಒತ್ತಡವೆಲ್ಲ ಬಂದು ಬೀಳುತ್ತೆ, ಅಲ್ಲೇ ಮುರಿಯುತ್ತೆ. ಅಲುಗದ ಜಾಗಕ್ಕೆ ಬೆಸುಗೆ ಇರಲಿ, ಅಲುಗೋ ಜಾಗಕ್ಕೆ ಕ್ರಿಂಪು."

ಬಾನೆಟ್ಟಿನೊಳಗೆ ಹಿಂದಿನವರು ಬಿಟ್ಟುಹೋದ ಗುರುತುಗಳು ಇನ್ನೂ ಇದ್ದವು. ವೈರು ತಿರುಚಿ ಕರಿ ಟೇಪು ಸುತ್ತಿದ್ದ ಜಾಗಗಳಲ್ಲಿ ಟೇಪಿನ ಅಂಟು ಬಿಸಿಗೆ ಕರಗಿ ಧೂಳು ಹಿಡಿದಿತ್ತು. ಬಿಚ್ಚಿದರೆ ತಾಮ್ರ ಹಸಿರುಗಟ್ಟಿತ್ತು. ಆ ಹಸಿರು ಹೊದಿಕೆಯೊಳಗೆ ತುಂಬ ದೂರ ಹತ್ತಿಕೊಂಡು ಹೋಗುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಬೇಕು, ಕಡಿಮೆ ಬಿದ್ದ ಉದ್ದಕ್ಕೆ ಅದೇ ಗಾತ್ರದ ಆಟೋ ವೈರ್ ಸೇರಿಸಬೇಕು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಬೇಕು. ಅಕ್ಕಪಕ್ಕದ ವೈರುಗಳ ಜೋಡಣೆಗಳು ಒಂದೇ ಸಾಲಿನಲ್ಲಿ ಬರಬಾರದು. ಬಂದರೆ ಕಟ್ಟು ಗಂಟಾಗಿ ಅಲ್ಲೇ ಉಜ್ಜಲು ಶುರುವಾಗುತ್ತದೆ. ಫ್ಯೂಸ್ ಪೆಟ್ಟಿಗೆಯಲ್ಲಿ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದ ಫ್ಯೂಸೊಂದು ಸಿಕ್ಕಿತು. ಮೇಸ್ತ್ರಿ ಅದನ್ನು ಹುಡುಗನಿಗೆ ತೋರಿಸಿದರು, ಏನೂ ಹೇಳಲಿಲ್ಲ. ಅಂದಹಾಗೆ, ಬ್ರಿಟಿಷ್ ಲ್ಯೂಕಾಸ್ ಪದ್ಧತಿಯ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಆಂಪಿಯರ್. ನಿರಂತರ ಹೊರುವುದು 17 ಮಾತ್ರ. ಇದು ತಿಳಿಯದೆ ಬೇರೆ ಪದ್ಧತಿಯ 35ರ ಫ್ಯೂಸ್ ಹಾಕಿದವರು, ಫ್ಯೂಸಿಗೆ ಬದಲು ವೈರನ್ನೇ ಸುಟ್ಟುಕೊಂಡಿದ್ದಾರೆ.

"ಅರ್ಥ್ ಪಟ್ಟಿ ನೋಡಿದ್ರಾ ಯಾರಾದ್ರೂ?" ಎಂದು ಕೇಳುತ್ತ ಮೇಸ್ತ್ರಿ ಗಾಡಿಯ ಕೆಳಗೆ ತೂರಿದರು.

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಬ್ಯಾಟರಿಯ ಒಂದು ತುದಿ ಕಾರಿನ ಮೈಗೆ ಸೇರಿರುತ್ತದೆ. ಎಂಜಿನ್ನನ್ನು ಮೈಗೆ ಸೇರಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಅದು ಎಣ್ಣೆ, ಕೆಸರು ತಿಂದು ಸವೆದರೆ ಸೆಲ್ಫಿನ ಭಾರಿ ಕರೆಂಟು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್, ಆಕ್ಸಿಲರೇಟರ್ ತಂತಿ, ಯಾವುದಾದರೂ ಸರಿ. ಸೆಲ್ಫ್ ಹೊಡೆದಾಗ ಚೋಕಿನ ಗುಬುಟು ಕೈ ಸುಡುವಷ್ಟು ಕಾಯುವುದು, ಕೇಬಲ್ಲಿನಿಂದ ಹೊಗೆ ಬರುವುದು ಹಳೆಯ ಗಾಡಿಗಳಲ್ಲಿ ಕಟ್ಟುಕಥೆಯಲ್ಲ. ಹುಡುಗ ಸೆಲ್ಫ್ ಹೊಡೆದ, ಮೇಸ್ತ್ರಿ ಬ್ಯಾಟರಿಯ ಅರ್ಥ್ ತುದಿಗೂ ಎಂಜಿನ್ ಮೈಗೂ ಮೀಟರ್ ಹಿಡಿದರು. ಕಾಲು ವೋಲ್ಟಿನೊಳಗೆ ಇರಬೇಕಾದದ್ದು ಒಂದಕ್ಕಿಂತ ಮೇಲೆ ತೋರಿತು. ಗಾಡಿಗೆ ಎರಡನೇ ಕಾಯಿಲೆ. ಮಾಲೀಕರಿಗೆ ಇನ್ನೂ ಅದರ ಬಿಸಿ ತಟ್ಟಿರಲಿಲ್ಲ.

ಮಳೆ ಜೋರಾಯಿತು. ಪಟ್ಟಿ ತರಲು ಹುಡುಗನನ್ನು ಪೇಟೆಗೆ ಕಳಿಸಿ, ಇಬ್ಬರೂ ಚಹಾ ತರಿಸಿಕೊಂಡು ಕೂತರು. ಮಾತು ಅಧ್ಯಾಪಕರ ಮಗನ ಹಳೆಯ ಮಾರುತಿಯ ಕಡೆಗೆ ತಿರುಗಿತು. ಅದು ಇಂಜೆಕ್ಷನ್ ಬಂದ ಮೇಲಿನ ಕಾರು, ಅದರ ಚೆಕ್ ಎಂಜಿನ್ ದೀಪ ಬಂದು ಬಂದು ಹೋಗುತ್ತದೆ.

"ಅವಕ್ಕೆ ಸ್ಕ್ಯಾನರ್ ಹಾಕಿದ್ರೆ ಹೇಳುತ್ತಲ್ಲ?"

"ಸರ್ಕೀಟಿನ ಹೆಸರು ಹೇಳುತ್ತೆ, ಸಾಮಾನಿನ ಹೆಸರಲ್ಲ. ಜನ ಹೋಗಿ ಸೆನ್ಸರ್ ತರ್ತಾರೆ."

ತನ್ನ ದೋಷವನ್ನು ಗಾಡಿಯೇ ಗುರುತಿಸಿ ಹೇಳುವ ಒಬಿಡಿ ವ್ಯವಸ್ಥೆಯ ಎರಡನೆಯ ಹಂತ ನಮ್ಮಲ್ಲಿ ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕೆ ಮುಂಚಿನ ಗಾಡಿಗಳಲ್ಲಿ ಒಂದೊಂದಕ್ಕೆ ಒಂದೊಂದು ಪದ್ಧತಿ. ಸುಜುಕಿಯ ಹಳೆಯ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಪರೀಕ್ಷಾ ಕನೆಕ್ಟರಿನ ಎರಡು ಪಿನ್ನುಗಳನ್ನು ತಂತಿಯಿಂದ ಕೂಡಿಸಿದರೆ ದೀಪವೇ ಮಿನುಗಿ ಸಂಖ್ಯೆ ಹೇಳುತ್ತದೆ. ಒಂದು ಮಿನುಗು, ಬಿಡುವು, ಎರಡು ಮಿನುಗು ಬಂದರೆ 12, ಅಂದರೆ ಎಲ್ಲ ಕ್ಷೇಮ. ಆದರೆ ಸೆನ್ಸರ್ ವೈರುಗಳಲ್ಲಿ ಹರಿಯುವ ಕರೆಂಟು ತೀರ ಅಲ್ಪ. ಆಕ್ಸೈಡ್ ಪದರವನ್ನು ಸುಟ್ಟು ದಾರಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನೀರಿನ ಬಿಸಿ ಅಳೆಯುವ ಸೆನ್ಸರಿನ ತಡೆ 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ. ಕಿಲುಬು ಹಿಡಿದ ಕನೆಕ್ಟರ್ ಅದಕ್ಕೆ ಇನ್ನೊಂದು 300 ಸೇರಿಸಿತೆನ್ನಿ, ಎಂಜಿನ್ ಇನ್ನೂ 60 ಡಿಗ್ರಿಯಲ್ಲಿದೆ ಎಂದು ಕಂಪ್ಯೂಟರ್ ನಂಬುತ್ತದೆ, ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಕೋಡ್ ಬರುವುದಿಲ್ಲ, ಏಕೆಂದರೆ 600 ಓಮ್ ಅಸಂಭವವಾದ ಸಂಖ್ಯೆಯೇನಲ್ಲ. ಮೈಲೇಜ್ ಮಾತ್ರ ಕುಸಿಯುತ್ತದೆ.

90ರ ದಶಕದ ಹೋಂಡಾ ಕಾರುಗಳ ಮುಖ್ಯ ರಿಲೇಯ ಕಥೆ ಮೇಸ್ತ್ರಿಗೆ ಗೊತ್ತಿತ್ತು. ರಿಲೇಯೊಳಗಿನ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ಬಿಸಿಲಲ್ಲಿ ನಿಲ್ಲಿಸಿದ ಕಾರು ಒಳಗೆ ಕಾದಾಗ ಬಿರುಕು ಬಿಡುತ್ತದೆ, ಪೆಟ್ರೋಲ್ ಪಂಪಿಗೆ ಕರೆಂಟಿಲ್ಲ. ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಕಾದರೆ ಸ್ಟಾರ್ಟ್. ಅಧ್ಯಾಪಕರು ಬೆಂಜ್ ಕಾರುಗಳದ್ದು ಹೇಳಿದರು. 1990ರ ದಶಕದ ಮೊದಲ ಅರ್ಧದಲ್ಲಿ, ಬೇಗ ಕೊಳೆತು ಮಣ್ಣಾಗಬಲ್ಲದೆಂದು ಹೇಳಲಾದ ಹೊದಿಕೆಯ ವೈರುಗಳನ್ನು ಎಂಜಿನ್ನಿನ ಮೇಲೆ ಹಾಸಿದ್ದರು. ಎಂಜಿನ್ ಬಿಸಿಗೆ ಹೊದಿಕೆ ಹಪ್ಪಳದಂತೆ ಒಡೆದು ಉದುರಿತು. ವೋಲ್ವೊ ಅದೇ ಪಾಡನ್ನು 1980ರ ದಶಕದಲ್ಲೇ ಅನುಭವಿಸಿತ್ತು. ಅಂಥಲ್ಲಿ ಒಂದು ವೈರ್ ಸರಿಪಡಿಸಿ ಪ್ರಯೋಜನವಿಲ್ಲ; ಪೂರ್ತಿ ಸೆಟ್ಟೇ ಹೊಸದು ಹಾಕಬೇಕು.

"ನಮ್ಮ ಕಡೆ ಆ ಕೆಲಸಕ್ಕೆ ಇಲಿ ಇದಾವೆ," ಎಂದರು ಮೇಸ್ತ್ರಿ. ಹೋಂಡಾ ಕಂಪನಿ ಇಲಿಗೆಂದೇ ಖಾರದ ಅಂಶ ಸೇರಿಸಿದ ಟೇಪು ಮಾರುತ್ತದೆ ಎಂದು ಅಧ್ಯಾಪಕರು ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಬ್ಯಾಡಗಿ ಹಾಕಿದ್ರೆ ಬಣ್ಣ ಬರುತ್ತೆ ಅಷ್ಟೇ, ಇಲಿ ತಿಂದ್ಕೊಂಡು ಹೋಗುತ್ತೆ. ಗುಂಟೂರಿಂದೇ ಆಗಬೇಕು."

ಪಟ್ಟಿ ಬಂತು. ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಬಿಳಿ ಲೋಹ ಕಾಣಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿದರು. ಮೀಟರಿನ ಮುಳ್ಳು ಈಗ ಕದಲಿತೋ ಇಲ್ಲವೋ ಎಂಬಷ್ಟು. ನಳಿಕೆ ಹೀರಿ ನೋಡಿದರು. ಎಂಜಿನ್ ಕೆಮ್ಮುವ ಬದಲು ಸ್ವಲ್ಪ ವೇಗ ಹೆಚ್ಚಿಸಿಕೊಂಡಿತು, ಹಾಗೆಯೇ ಆಗಬೇಕು.

"ಇಷ್ಟೆಲ್ಲ ತಾಪತ್ರಯ ಯಾಕೆ? ಪ್ಲಾಟಿನ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡ್ಲಾ?" ಅಧ್ಯಾಪಕರು ಪರ್ಸ್ ತೆಗೆಯುತ್ತ ಕೇಳಿದರು. ಕೇಳಿದ ಮೇಲೆ ಉತ್ತರವನ್ನೂ ಅರ್ಧ ಅವರೇ ಕೊಟ್ಟರು. ಫೋರ್ಡ್ 1980ರ ದಶಕದಲ್ಲಿ ಇಗ್ನಿಷನ್ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನ ಮೈಗೇ ಅಂಟಿಸಿತ್ತು. ಬಿಸಿಯಾದರೆ ಎಂಜಿನ್ ಆಫ್, ತಣ್ಣಗಾದರೆ ಸರಿ, ಪರೀಕ್ಷಿಸಲು ಹೋದರೆ ಏನೂ ಸಿಗುವುದಿಲ್ಲ ಎಂಬ ದೂರುಗಳು ವರ್ಷಗಟ್ಟಲೆ ನಡೆದವು. 2000ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಲಕ್ಷಾಂತರ ಗಾಡಿಗಳನ್ನು ಹಿಂದಕ್ಕೆ ಕರೆಸಲು ಆದೇಶಿಸಿದರು. ಮರುವರ್ಷ ಕಂಪನಿ ರಾಜಿ ಮಾಡಿಕೊಂಡಿತು.

"ಹಾಕಿಸಿ ಸಾರ್, ಬೇಡ ಅನ್ನಲ್ಲ," ಎಂದರು ಮೇಸ್ತ್ರಿ. "ಮಾಡ್ಯೂಲನ್ನ ಎಂಜಿನ್ ಮೇಲೆ ಬೇಡ, ಈ ಕಡೆ ಗಾಳಿ ಬರೋ ಜಾಗದಲ್ಲಿ ಕೂರಿಸ್ತೀನಿ. ಹಳೇ ಪ್ಲಾಟಿನ, ಕಂಡೆನ್ಸರು, ಒಂದು ಸ್ಕ್ರೂಡ್ರೈವರು ಡಿಕ್ಕೀಲಿ ಇಟ್ಕೊಂಡಿರಿ. ಅದು ಕೈಕೊಟ್ರೆ ಆಗುಂಬೇಲಿ ನೀವೇ ಹಾಕ್ಕೋಬಹುದು."